ಗೋಡೆಯಾಚೆಯ ಹುಲ್ಲು

ದನ ಮೇಯುತ್ತಿದ್ದ ದೊಡ್ಡಉಳ್ಳಾರ್ತಿಯ ಹುಲ್ಲಿನ ಕಾವಲಿಗೆ ಈಗ ಉದ್ದಕ್ಕೂ ಗೋಡೆ. ಒಳಗೆ ಅಣುವಿನ ಕೆಲಸವಂತೆ. ಆ ಮಾತಿನಿಂದಲೇ ಚಹಾದಂಗಡಿಯ ಬೆಂಚಿನಲ್ಲಿ ನನಗೂ ಗೆಳೆಯನಿಗೂ ವಾದ ಹತ್ತಿತು. ಇಬ್ಬರೂ ಇತಿಹಾಸದ ಮೇಷ್ಟ್ರು. ಹಿರೋಶಿಮಾದ ಬಾಂಬಿನಿಂದಲೇ ಯುದ್ಧ ನಿಂತಿತು ಎಂದು ಅವನು, ಊರು ಸುಟ್ಟು ಯುದ್ಧ ನಿಲ್ಲಿಸುವುದು ಯಾವ ನ್ಯಾಯ ಎಂದು ನಾನು.

ಪಕ್ಕದಲ್ಲಿ ಕೂತಿದ್ದವರು, ನೊಗ ಹೊರದ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅಜ್ಜ. ಲೋಟ ಕೆಳಗಿಟ್ಟು ಕೇಳಿದರು: "ಅಲ್ಲಿ ಮತ್ತೆ ಹುಲ್ಲು ಬಂತೇನ್ರಿ?"

"ಬಂತು ಅಜ್ಜ. ಮರಗಳೂ ಚಿಗುರಿದವು" ಎಂದೆ.

"ಮೇಯಾಕೆ ದನ ಉಳಿದಿದ್ವಾ?"

ಇಷ್ಟು ವರ್ಷ ಪಾಠ ಮಾಡಿಯೂ ನಾವಿಬ್ಬರೂ ಅದನ್ನು ಹುಡುಕಿರಲಿಲ್ಲ.

"ಇಲ್ಲಿ ದನಾನೂ ಅವೆ, ಹುಲ್ಲೂ ಐತೆ" ಎಂದು ಅಜ್ಜ ಎದ್ದರು.

ಗೋಡೆಯ ಒಳಗಿನಿಂದ ಹುಲ್ಲಿನ ವಾಸನೆಯ ಗಾಳಿ ಬೀಸಿತು. ಅಂಗಡಿಯೆದುರಿಗಿದ್ದ ಅಜ್ಜನ ಎತ್ತುಗಳು ಗೋಡೆಯತ್ತ ಮೂತಿಯೆತ್ತಿ ನಿಂತವು. ಅಜ್ಜ ಕರೆದರೂ ತಿರುಗಲಿಲ್ಲ.