ಸತುರಿಯೋನ ಬಿಳಿ ಕರವಸ್ತ್ರ

ಸ್ಪೇನಿನಲ್ಲಿ ಎಲಾದಿಯೋನನ್ನು ಓಡಿಸದ ಊರುಗಳು ಹೆಚ್ಚು ಉಳಿದಿರಲಿಲ್ಲ. ಕೆಳದರ್ಜೆಯ ಫುಟ್‌ಬಾಲ್ ತಂಡಗಳ ಕೋಚ್ ಅವನು. ಎಲ್ಲಿ ಹೋದರೂ ಬೇಸಿಗೆಯಲ್ಲಿ ಅಪ್ಪುಗೆ, ಕ್ರಿಸ್‌ಮಸ್‌ಗೆ ಮೊದಲೇ ಗೇಟ್‌ಪಾಸ್. ಮುರ್ಸಿಯಾದಲ್ಲಿ ಬಾಡಿಗೆ ಮನೆಗೆ ಪರದೆ ಕಟ್ಟುವ ಮುಂಚೆಯೇ ಕಳಿಸಿದರು. ಗಲೀಸಿಯಾದಲ್ಲಿ ತನ್ನ ಕೆಲಸ ಹೋದದ್ದನ್ನು ಅವನು ರೇಡಿಯೋದಲ್ಲಿ ಕೇಳಿ ತಿಳಿದುಕೊಂಡ. ಹೆಂಡತಿ ಮೊದಲು ಪೆಟ್ಟಿಗೆ ಬಿಚ್ಚುವುದನ್ನು ಬಿಟ್ಟಳು, ಆಮೇಲೆ ಅವನನ್ನೂ ಬಿಟ್ಟಳು.

ತಲೆಯೆಲ್ಲ ನರೆತ ಮೇಲೆ ಹುಟ್ಟೂರು ವಾಲ್ದೆಸೆಕಾದ ತಂಡವೇ ಅವನನ್ನು ಕರೆಯಿತು. ಅವನ ಅಪ್ಪ ಸತುರಿಯೋ ಆ ಕ್ಲಬ್ಬಿನ ಹಳೆಯ ಸದಸ್ಯ. ಭಾನುವಾರ ಚರ್ಚು ತಪ್ಪಿಸಿಯಾನು, ಪಂದ್ಯ ತಪ್ಪಿಸುವ ಆಸಾಮಿಯಲ್ಲ. ಅಪ್ಪನ ಕಣ್ಣೆದುರು ಆಗಸ್ಟಿನಿಂದ ಮೇವರೆಗಿನ ಒಂದು ಆಟದ ಋತುವನ್ನಾದರೂ ಪೂರ್ತಿ ಮುಗಿಸಬೇಕು ಎನ್ನುವುದೊಂದೇ ಎಲಾದಿಯೋನ ಆಸೆ.

"ಈ ಸಲ ಮೇ ತಿಂಗಳವರೆಗೂ ಇದ್ದೇ ಇರ್ತೀನಪ್ಪ," ಎಂದ.

"ಗೆಲ್ಸಿದ್ರೆ ಇರ್ತೀಯ. ಈಗ ಸೂಪು ಕುಡಿ, ಆರೋಗ್ತದೆ," ಎಂದ ಮುದುಕ.

ಗೆಲ್ಲಿಸಲಿಲ್ಲ. ತನ್ನನ್ನು ಎಲ್ಲರೂ ಹೊರಗೆ ಹಾಕಿದ್ದರಿಂದಲೋ ಏನೋ, ಯಾರನ್ನೂ ಹೊರಗೆ ಕೂರಿಸಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಮೊಣಕಾಲು ಸೋತ ಗೋಲ್‌ಕೀಪರನನ್ನೇ ಪಂದ್ಯದ ಮೇಲೆ ಪಂದ್ಯ ಆಡಿಸಿದ. ಇಂಥವನನ್ನು ಪಾಪ ಅನ್ನಬೇಕೋ ಪೆದ್ದ ಅನ್ನಬೇಕೋ ತಿಳಿಯದು.

ನವೆಂಬರಿನ ಒಂದು ಭಾನುವಾರ, ಬೆರಳು ಸೆಟೆಯುವ ಚಳಿಯಲ್ಲಿ, ಆ ಗೋಲ್‌ಕೀಪರ್ ಬಗ್ಗಿ ಹಿಡಿಯುವಷ್ಟರಲ್ಲಿ ಚೆಂಡು ಮೆಲ್ಲಗೆ ಉರುಳಿ ಒಳಗೆ ಹೋಯಿತು. ಅದು ಎದುರಾಳಿಗಳ ಮೂರನೆಯ ಗೋಲು.

"ಏಯ್ ಮಿಸ್ಟರ್, ಹೋಗಿ ಕುರಿ ಕಾಯೋ!" ಎಂದು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಯಾರೋ ಕೂಗಿದ. "ಕುರೀನೂ ಓಡೋಗ್ತವೆ ಬಿಡೋ!" ಎಂದ ಇನ್ನೊಬ್ಬ.

ಆಮೇಲೆ ಕೂಗು ನಿಂತು ಕರವಸ್ತ್ರಗಳು ಹೊರಬಂದವು. ಜನ ಬಿಳಿ ಕರವಸ್ತ್ರ ಬೀಸಿದರೆಂದರೆ ಕೋಚಿಗೆ ಆ ಊರಿನ ಋಣ ತೀರಿತೆಂದೇ ಅರ್ಥ. ಎಲಾದಿಯೋಗೆ ಅದು ಹೊಸದಲ್ಲ. ಆದರೂ ಕಣ್ಣು ಗ್ಯಾಲರಿಯಲ್ಲಿದ್ದ ಅಪ್ಪನ ಕುರ್ಚಿಯ ಕಡೆ ಹೋಯಿತು. ಮುದುಕ ಮೆಲ್ಲಗೆ ಎದ್ದು ನಿಂತ. ಕೋಟಿನ ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು, ಮಡಿಕೆ ಬಿಚ್ಚಿ, ಬೀಸಿದ.

ಸಂಜೆ ಕ್ಲಬ್ಬಿನ ಅಧ್ಯಕ್ಷರ ಫೋನು ಬಂದು ಹೋಯಿತು. ಸತುರಿಯೋ ಬೆಳ್ಳುಳ್ಳಿ ಸೂಪು ಬಡಿಸಿ ಮಗನ ಎದುರು ಕೂತ.

"ಊರೆಲ್ಲ ಬೀಸ್ಲಿ. ನೀನೂನಾ ಅಪ್ಪ?"

"ಆ ಗೋಲ್‌ಕೀಪರನ ಕಾಲು ಹೋಗಿ ಎಷ್ಟು ಕಾಲ ಆಯ್ತು. ಊರಿಗೆಲ್ಲ ಗೊತ್ತು, ನಿಂಗೊಬ್ಬನಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅವನ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

ಮುದುಕ ಚಮಚ ಕೆಳಗಿಟ್ಟ.

"ನಂಗೂ ಬಾಯಿ ಬರ್ಲಿಲ್ಲ ಮಗಾ. ಅದಕ್ಕೇ ಬೀಸ್ದೆ."

ಎಲಾದಿಯೋ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಯಾವ ಊರೂ ಅವನನ್ನು ಕರೆಯಲಿಲ್ಲ. ಆ ಸೋಲಿನ ಮುಂದಿನ ಭಾನುವಾರ ಅಪ್ಪ ಪಂದ್ಯಕ್ಕೆ ಹೊರಟಾಗ, ತಾನೇ ಒಗೆದು ಇಸ್ತ್ರಿ ಮಾಡಿದ್ದ ಆ ಕರವಸ್ತ್ರವನ್ನು ಅಪ್ಪನ ಜೇಬಿನಲ್ಲಿಟ್ಟು, ಬಾಗಿಲು ಹಾಕಿಕೊಂಡ.