ಮಿಂಚುಹುಳ ಎಂಬ ಗೆಳತಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟಚಿಂಗ್ ಅಕ್ಕ ಎಂದೇ ಕರೆಯುವುದು. ಚಪ್ಪಲಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಫೋಟೋ ಸ್ಟುಡಿಯೋ. ಯಜಮಾನರು ಹೊರಕೋಣೆಯಲ್ಲಿ ಫೋಟೋ ಹೊಡೆಯುತ್ತಾರೆ, ಒಳಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಇವಳು ಕಂಪ್ಯೂಟರಿನಲ್ಲಿ ತಿದ್ದುತ್ತಾಳೆ. ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಸೊಟ್ಟಗಾದ ಕಾಲರನ್ನು ನೆಟ್ಟಗೆ ಕೂರಿಸುವುದು, ಒಂದು ಕಿವಿ ಜಾಸ್ತಿ ಮುಂದೆ ಬಂದಿದ್ದರೆ ಅದನ್ನು ಮರ್ಯಾದೆಯಿಂದ ಹಿಂದಕ್ಕೆ ಕಳಿಸುವುದು. ಇದಕ್ಕೆಲ್ಲ ಸೇರಿ ಟಚಿಂಗ್ ಎನ್ನುತ್ತಾರೆ. ಪಾಸ್‌ಪೋರ್ಟ್ ಫೋಟೋಗೆ ಬರುವವರು ತಲೆ ಕೂಡ ಬಾಚಿಕೊಂಡು ಬಂದಿರುವುದಿಲ್ಲ, ಹೋಗುವಾಗ ಮಾತ್ರ ಒಳಗೆ ಇಣುಕಿ, "ಅಕ್ಕಾ, ಸ್ವಲ್ಪ ಚೆನ್ನಾಗಿ ಬರೋ ಹಾಗೆ ಮಾಡಿ" ಎಂದು ಹೇಳದೆ ಹೋಗುವುದಿಲ್ಲ. ಅವಳೂ ಮಾಡುತ್ತಾಳೆ. ಊರಿನ ಅರ್ಧ ಜನ ತಾವು ಹುಟ್ಟಿದ್ದೇ ಹಾಗೆ ಎಂದುಕೊಂಡು ಓಡಾಡುತ್ತಿರುವುದು ಇವಳ ಕೈಗುಣದಿಂದ.

ಅವಳಿಗೆ ಒಬ್ಬಳೇ ಮಗಳು, ಹತ್ತನೇ ತರಗತಿ. ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಹೊರಗಿನವರೆದುರು ಹಾಗೆ ಕರೆದರೆ ಮಹಾರಾಣಿಗೆ ಸಿಟ್ಟು ನೆತ್ತಿಗೇರುತ್ತದೆ. ಅಪ್ಪ ದೂರದೂರಿಗೆ ಲಾರಿ ಓಡಿಸುವವರು, ವಾರಕ್ಕೊಮ್ಮೆ ಮನೆ ಕಾಣುತ್ತಾರೆ. ಹಾಗಾಗಿ ಎರಡು ಕೋಣೆಯ ಆ ಮನೆಯಲ್ಲಿ ಸದ್ದು ಅಂತ ಇದ್ದದ್ದೆಲ್ಲ ಗುಬ್ಬಿಯದೇ. ಚೀಲ ಬಿಸಾಡುವ ಮೊದಲೇ ಮಾತು ಶುರು. ಗಣಿತದ ಮೇಷ್ಟ್ರು ಹೇಗೆ ಸೀನಿದರು, ಯಾರ ಟಿಫಿನ್ ಡಬ್ಬಿಯನ್ನು ಯಾರು ಖಾಲಿ ಮಾಡಿದರು, ಎಲ್ಲದರ ವರದಿ. "ಉಸಿರಾದ್ರೂ ಬಿಡೇ ತಾಯಿ" ಎಂದು ಅಮ್ಮ ಕೈ ಮುಗಿಯುತ್ತಿದ್ದಳು.

ಅಂಥ ಹುಡುಗಿ ಇದ್ದಕ್ಕಿದ್ದಂತೆ ಬಾಯಿಗೆ ಬೀಗ ಹಾಕಿಕೊಂಡಳು. ನಗು ಬಂದರೆ ಅಂಗೈ ಅಡ್ಡ ಹಿಡಿಯತೊಡಗಿದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ನಿರೂಪಣೆಗೆ ಆಯ್ಕೆಯಾಗಿದ್ದವಳು ಗಂಟಲು ಸರಿಯಿಲ್ಲ ಎಂದು ಹೆಸರು ಹಿಂದೆಗೆದುಕೊಂಡಳಂತೆ. ಅದು ಅಮ್ಮನಿಗೆ ಗೊತ್ತಾದದ್ದೂ ಪಕ್ಕದ ಮನೆಯಾಕೆಯ ಬಾಯಿಂದ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಸುದ್ದಿಯನ್ನು ಪಕ್ಕದ ಮನೆಯವಳಿಂದ ಕೇಳುವುದೆಂದರೆ ಯಾವ ತಾಯಿಗೆ ತಾನೇ ಮೈ ಉರಿಯುವುದಿಲ್ಲ?

ಅಮ್ಮ ಕೇಳಿದಳು. ಊಟಕ್ಕೆ ಕೂತಾಗ ಕೇಳಿದಳು, ಜಡೆ ಹಾಕುವಾಗ ಕೇಳಿದಳು, ಬಚ್ಚಲಿನ ಬಾಗಿಲ ಹೊರಗೆ ನಿಂತು ಕೇಳಿದಳು. ಪೊಲೀಸರೂ ಹಾಗೆ ಕೇಳಲಿಕ್ಕಿಲ್ಲ. "ಏನಿಲ್ಲಮ್ಮ" ಎಂಬುದೊಂದೇ ಉತ್ತರ. ಫೋನಿನಲ್ಲಿ ಗಂಡನ ಸಲಹೆ: "ಮೊಬೈಲ್ ಕಿತ್ಕೊಂಡು ಬೀರುವಿನಲ್ಲಿಡು, ಎಲ್ಲ ಸರಿಹೋಗುತ್ತೆ." ಲಾರಿಯಲ್ಲಿ ಕೂತು ಹೇಳುವುದಕ್ಕೇನು! ಅವಳಿಗೆ ಮೊಬೈಲ್ ಬೇಕಿರಲಿಲ್ಲ. ಮಗಳು ಮೊದಲಿನಂತೆ ತನ್ನ ಹತ್ತಿರ ಬಾಯಿ ಬಿಡಬೇಕಿತ್ತು, ಅಷ್ಟೇ.

ಗುಬ್ಬಿ ಬೆಕ್ಕಿನ ಚಿತ್ರ ಬರೆದು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಮ್ಮ ಹೊಸದೊಂದು ಖಾತೆ ತೆರೆದಳು. ಹೆಸರು ಮಿಂಚುಹುಳ. ಬೇರೆ ಊರು, ಹತ್ತನೇ ತರಗತಿ, ಚಿತ್ರವೆಂದರೆ ಪ್ರಾಣ. ಫೋಟೋದ ಜಾಗದಲ್ಲಿ ಒಂದು ಕಿಟಕಿಯ ಚಿತ್ರ ಹಾಕಿದಳು. ಬೇಕೆಂದರೆ ಒಳ್ಳೆಯ ಹುಡುಗಿಯ ಮುಖವನ್ನೇ ಮಾಡಿ ಕೂರಿಸಬಹುದಿತ್ತು, ಆದರೆ ಅದಕ್ಕೆ ಮಾತ್ರ ಕೈ ಬರಲಿಲ್ಲ. ಆಮೇಲೆ ಗುಬ್ಬಿಯ ಬೆಕ್ಕೊಂದರ ಕೆಳಗೆ ಬರೆದಳು: "ಈ ಬೆಕ್ಕು ನಮ್ಮನೆ ಅಜ್ಜಿ ಥರ ಮುಖ ಗಂಟು ಹಾಕ್ಕೊಂಡಿದೆ ಕಣೇ!"

ಸಂಜೆಯೊಳಗೆ ಉತ್ತರ ಬಂತು. ವಾರದೊಳಗೆ ಸ್ನೇಹವಾಯಿತು. ಸ್ಟುಡಿಯೋದ ಒಳಕೋಣೆಯಲ್ಲಿ ಯಾರದೋ ಮೊಡವೆ ಅರ್ಧ ಅಳಿಸಿದ್ದು ಹಾಗೇ ಬಿಟ್ಟು, ಟಚಿಂಗ್ ಅಕ್ಕ ಒಬ್ಬಳೇ ಕಿಸಕ್ಕನೆ ನಗುವುದನ್ನು ಯಜಮಾನರು ಎರಡು ಮೂರು ಸಲ ಕತ್ತು ಉದ್ದ ಮಾಡಿ ನೋಡಿದರು. ಮನೆಯಲ್ಲಿ ಒಂದು ಮಾತಿಗೂ ಬರವಿದ್ದ ಹುಡುಗಿ ಇಲ್ಲಿ ಪುಟಗಟ್ಟಲೆ ಬರೆಯುತ್ತಿದ್ದಳು. ಅಮ್ಮನಿಗೆ ಅದರ ರುಚಿ ಹತ್ತಿತು. ನಿಜ ಹೇಳಬೇಕೆಂದರೆ, ಮಗಳ ಸಂಕಟ ಪತ್ತೆಹಚ್ಚಲು ಬಂದವಳು ಕೆಲವು ದಿನ ಬಂದ ಕೆಲಸವನ್ನೇ ಮರೆತಿದ್ದಳು.

ಸಂಕಟ ತಾನಾಗಿಯೇ ಹೊರಬಂತು. ತರಗತಿಯ ಮಕ್ಕಳೇ ಮಾಡಿಕೊಂಡಿದ್ದ ಮೊಬೈಲ್ ಗುಂಪಿನಲ್ಲಿ "ಸತ್ಯದ ಕನ್ನಡಿ" ಎಂಬ ಹೆಸರಿನಲ್ಲಿ ಯಾರೋ ಸೇರಿಕೊಂಡು ಗುಬ್ಬಿಯ ಬೆನ್ನು ಬಿದ್ದಿದ್ದರು. ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ. ಅದಕ್ಕೆ ಬಾಗಿಲು, ಗೇಟು, ಸುರಂಗ ಎಂದು ದಿನಕ್ಕೊಂದು ಹೆಸರು. ಅದನ್ನೂ ಗುಬ್ಬಿ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಒಂದು ದಿನ ಆ ಕನ್ನಡಿ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಹಾಕಿತು. ಒಂದು, ಶಾಲೆಯ ಪ್ರವಾಸದಲ್ಲಿ ಗುಬ್ಬಿ ಬಾಯ್ತುಂಬ ನಗುತ್ತಿದ್ದದ್ದು. ಇನ್ನೊಂದು, ಸ್ಟುಡಿಯೋದವರು ತಮ್ಮ ಪುಟದಲ್ಲಿ ಮಾದರಿಗೆಂದು ಹಾಕಿಕೊಂಡಿದ್ದ ಗುಬ್ಬಿಯದೇ ಫೋಟೋ. ಅದರಲ್ಲಿ ಹಲ್ಲಿನ ಸಂದಿ ಇರಲಿಲ್ಲ. ಕೆಳಗೆ ಬರೆದಿತ್ತು: "ಹೆತ್ತ ಅಮ್ಮನಿಗೇ ನೋಡೋಕಾಗದೆ ಮುಚ್ಚಿದ್ದಾಳೆ."

ಗುಬ್ಬಿ ಕಳಿಸಿದ ಆ ಜೋಡಿ ಫೋಟೋವನ್ನು ಅಮ್ಮ ದೊಡ್ಡದು ಮಾಡಿ ನೋಡಿದಳು. ಆ ಫೋಟೋ ತಿದ್ದಿದ್ದು ಅವಳೇ. ಬೇಕೆಂದು ಮಾಡಿದ್ದಲ್ಲ. ನೂರಾರು ಬಾಯಿಗಳಲ್ಲಿ ಸಂದಿ ಮುಚ್ಚಿ ಮುಚ್ಚಿ ಕೈಗೆ ಚಾಳಿಯಾಗಿತ್ತು, ಮಗಳ ಮುಖ ಬಂದಾಗಲೂ ಕೈ ತನ್ನ ಪಾಡಿಗೆ ಮುಚ್ಚಿಕೊಂಡು ಮುಂದೆ ಹೋಗಿತ್ತು. ಮನೆಯ ಗೋಡೆಯ ಮೇಲಿನ ಯಾವ ಫೋಟೋದಲ್ಲೂ ಗುಬ್ಬಿಗೆ ಆ ಸಂದಿ ಇಲ್ಲ ಎಂಬುದು ಅವಳಿಗೆ ಹೊಳೆದದ್ದೇ ಆಗ.

ಮಿಂಚುಹುಳ ಮಾತ್ರ ಧೈರ್ಯವಾಗಿ ಬರೆಯಿತು: "ಅವನಿಗೆ ಉತ್ತರ ಕೊಡಬೇಡ. ಏನನ್ನೂ ಅಳಿಸಬೇಡ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಕೋ. ದೊಡ್ಡೋರಿಗೆ ಹೇಳು. ನಿಮ್ಮಮ್ಮಂಗೆ ಹೇಳು ಕಣೇ."

"ಅಮ್ಮಂಗಾ?" ಗುಬ್ಬಿ ಬರೆದಳು. "ಹೇಳಿದ್ರೆ ಇನ್ನೊಂದು ಫೋಟೋ ತೆಗೆದು ಇನ್ನೂ ಚೆನ್ನಾಗಿ ಮುಚ್ಚುತ್ತಾಳೆ."

ಮಿಂಚುಹುಳ ಬೇರೆ ದಾರಿ ಹಿಡಿದು ಬರೆಯಿತು: "ಮುಖ ತೋರಿಸದೆ ಮಾತಾಡೋರನ್ನ ನಂಬಬೇಡ. ತಾಕತ್ತಿದ್ರೆ ವಿಡಿಯೋ ಕಾಲ್‌ಗೆ ಬಾ ಅನ್ನು. ನೋಡು, ಏನಾದ್ರೂ ನೆಪ ಹೇಳಿ ಜಾರಿಕೊಳ್ತಾನೆ." ಗುಬ್ಬಿ ಹಾಗೇ ಕೇಳಿದಳು. ಕ್ಯಾಮೆರಾ ಕೆಟ್ಟಿದೆ ಎಂದು ಉತ್ತರ ಬಂತು. ಇಬ್ಬರು ಗೆಳತಿಯರೂ ಅದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಒಬ್ಬಳು ಮನೆಯಲ್ಲಿ, ಇನ್ನೊಬ್ಬಳು ಸ್ಟುಡಿಯೋದಲ್ಲಿ.

ಭಾನುವಾರ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಗುಬ್ಬಿಯ ಸಂದೇಶ ಬಂತು. ಗುಬ್ಬಿ ಇದ್ದದ್ದು ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. "ಕನ್ನಡಿ ಒಂದು ವಿಡಿಯೋ ಕೇಳ್ತಿದೆ ಕಣೇ. ಬಾಯಿ ಅಗಲಿಸಿ, ನಾನು ಸುರಂಗ ಅಂತ ಮೂರು ಸಲ ಹೇಳಿ ಕಳಿಸಿದ್ರೆ ಹಳೇದೆಲ್ಲ ಅಳಿಸಿಬಿಡ್ತೀನಿ ಅಂದಿದೆ. ಈಗ್ಲೇ ಕಳಿಸಬೇಕಂತೆ. ಕಳಿಸಿ ಕೈ ತೊಳ್ಕೊಂಡು ಬಿಡ್ತೀನಿ."

ಅಮ್ಮ ಅವಸರದಲ್ಲಿ ಬರೆದಳು: "ಬೇಡ! ಒಂದು ಕೊಟ್ರೆ ಇನ್ನೊಂದು ಕೇಳ್ತಾರೆ. ಯಾವತ್ತೂ ಬಿಡಲ್ಲ. ಕಳಿಸಬೇಡ ಕಣೇ, ನಿನ್ನ ದಮ್ಮಯ್ಯ!"

ಗುಬ್ಬಿಯ ಉತ್ತರ ಬಂತು: "ಹಾಗಾದ್ರೆ ನೀನು ವಿಡಿಯೋ ಕಾಲ್ ಮಾಡು. ನಿನ್ನ ಮುಖ ನೋಡಿ ಮಾತಾಡಿದ್ರೆ ನಂಗೆ ಧೈರ್ಯ ಬರುತ್ತೆ. ಆಗ ಕಳಿಸಲ್ಲ."

ಹುರುಳಿಕಾಯಿ ಹಿಡಿದ ಕೈಯಲ್ಲೇ ಅಮ್ಮ ಒತ್ತಿದಳು: "ನನ್ನ ಫೋನಿನ ಕ್ಯಾಮೆರಾ ಕೆಟ್ಟಿದೆ." ಕಳಿಸಿದ ಮರುಕ್ಷಣವೇ ತಲೆ ಚಚ್ಚಿಕೊಂಡಳು.

"ಅವನೂ ಇದನ್ನೇ ಹೇಳಿದ್ದ," ಎಂದು ಬಂತು. ಹಿಂದೆಯೇ, "ನೀನು ಯಾರು?"

ಖಾತೆ ಮುಚ್ಚಿ ಸುಮ್ಮನಾಗಬಹುದಿತ್ತು. ಮಿಂಚುಹುಳ ಎಲ್ಲಿಗೋ ಹಾರಿಹೋಯಿತು ಎಂದುಕೊಂಡು ಗುಬ್ಬಿ ನಾಲ್ಕು ದಿನ ಅತ್ತು ಮರೆಯುತ್ತಿದ್ದಳು, ಅಮ್ಮನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಆ ವಿಡಿಯೋ ಹೋಗಿಬಿಡುತ್ತಿತ್ತು. ಅಮ್ಮ ಚಾಕು ಕೆಳಗಿಟ್ಟಳು, ಕೈ ಒರೆಸಿಕೊಂಡಳು, ಮೊಬೈಲ್ ಎತ್ತಿಕೊಂಡು ಹೋಗಿ ಮಗಳ ಕೋಣೆಯ ಬಾಗಿಲು ತಳ್ಳಿದಳು. ಗುಬ್ಬಿ ಮಂಚದ ಮೇಲೆ ಮಂಡಿ ಮಡಚಿ ಕೂತಿದ್ದಳು. ಅಮ್ಮ ಮೊಬೈಲನ್ನು ಅವಳ ಕಡೆ ತಿರುಗಿಸಿ ಹಿಡಿದಳು.

"ನಾನೇ," ಎಂದಳು.

ಗುಬ್ಬಿ ಮೊಬೈಲ್ ನೋಡಿದಳು, ಅಮ್ಮನ ಮುಖ ನೋಡಿದಳು.

"ಎಲ್ಲಾನೂ ನೀನೇನಾ? ಅಜ್ಜಿ ಥರ ಬೆಕ್ಕು ಅಂದದ್ದೂ?"

"ಹೂಂ."

"ಎಲ್ಲಾ ಓದಿದ್ಯಾ?"

"ಓದಿದೆ ಪುಟ್ಟಾ. ನೀನು ನನ್ನ ಹತ್ರ ಹೇಳ್ತಿರ್ಲಿಲ್ಲ, ಅದಕ್ಕೇ..."

"ನಂಗಿದ್ದದ್ದು ಒಬ್ಳೇ ಫ್ರೆಂಡ್ ಅಮ್ಮ!" ಗುಬ್ಬಿ ಕಿರುಚಿದಳು. "ಕನ್ನಡಿ ಏನೇ ಮಾಡಿದ್ರೂ ಅವಳಿದ್ದಾಳಲ್ಲ ಅಂತಿದ್ದೆ. ಕನ್ನಡಿ ಸುಳ್ಳು ಮುಖ, ನೀನೂ ಸುಳ್ಳು ಮುಖ. ಫೋಟೋದಲ್ಲಿ ಮುಚ್ಚಿದ್ದು ಸಾಲ್ದು ಅಂತ ಇದೂ ಮಾಡಿದ್ಯಾ?"

ಅಮ್ಮನ ಹತ್ತಿರ ಹೇಳಲು ಬೇಕಾದಷ್ಟಿತ್ತು. ನಿನ್ನ ಒಳ್ಳೆಯದಕ್ಕೆ, ನಿನ್ನ ಮೇಲಿನ ಪ್ರೀತಿಗೆ, ಬೇರೆ ದಾರಿ ಇರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, "ತಪ್ಪಾಯ್ತು. ಎರಡೂ ತಪ್ಪಾಯ್ತು," ಎಂದಷ್ಟೇ ಹೇಳಿದಳು. ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ವಿಡಿಯೋವನ್ನಂತೂ ಕಳಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತು, ಎಲ್ಲಿಗೋ ನೋಡುತ್ತ ಹೇಳಿದಳು: "ಹೆಡ್‌ಮಿಸ್ಸಿಗೆ ಎಲ್ಲಾ ತೋರಿಸ್ತೀನಿ. ನೀನೂ ಬಾ. ಆದ್ರೆ ಮಾತಾಡೋದು ನಾನು."

ಅಮ್ಮ ಯಜಮಾನರಿಗೆ ಫೋನ್ ಮಾಡಿ ಅರ್ಧ ದಿನ ರಜೆ ಹೇಳಿದಳು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಅಮ್ಮ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು, ಗುಬ್ಬಿ ಮೇಜಿನ ಮುಂದೆ ನಿಂತಳು. ಹಲ್ಲು, ಸುರಂಗ, ಜೋಡಿ ಫೋಟೋ, ವಿಡಿಯೋ ಕೇಳಿದ್ದು, ಎಲ್ಲವನ್ನೂ ಅಂಗೈ ಅಡ್ಡ ಹಿಡಿಯದೆ ಹೇಳಿದಳು. ಒಂದೊಂದೇ ಸ್ಕ್ರೀನ್‌ಶಾಟ್ ನೋಡುತ್ತ ಆ ಹೆಂಗಸಿನ ಮುಖ ಬಿಗಿಯಿತು. ಗುಂಪು ಶುರು ಮಾಡಿದ್ದ ಹುಡುಗನನ್ನು ಕರೆಸಿ ವಿಚಾರಿಸಿದಾಗ, ಆ ಖಾತೆಯನ್ನು ಗುಂಪಿಗೆ ಸೇರಿಸಿದ್ದು ಅದೇ ತರಗತಿಯ ಹುಡುಗಿ, ಗುಬ್ಬಿ ಹಿಂದೆ ಸರಿದ ಮೇಲೆ ನಿರೂಪಣೆಗೆ ಆಯ್ಕೆಯಾದವಳು, ಕನ್ನಡಿಯೂ ಅವಳೇ ಎಂದು ತಿಳಿಯಿತು. ಅವಳ ತಂದೆತಾಯಿಗೆ ಅಲ್ಲಿಂದಲೇ ಫೋನ್ ಹೋಯಿತು.

"ಎಷ್ಟೋ ಮಕ್ಕಳು ಭಯಕ್ಕೆ ಎಲ್ಲ ಅಳಿಸಿಬಿಡ್ತಾರೆ," ಎಂದರು ಮುಖ್ಯೋಪಾಧ್ಯಾಯಿನಿ. "ಹೀಗೆ ಜೋಪಾನವಾಗಿ ಇಟ್ಕೋಬೇಕು ಅಂತ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?"

ಅಮ್ಮ ಸೆರಗಿನ ತುದಿ ಹಿಡಿದುಕೊಂಡು ಕಾದಳು. ಇದೊಂದು ಮಾತಿಗಾದರೂ ಮಗಳು ತನ್ನ ಕಡೆ ತಿರುಗುತ್ತಾಳೆ ಎಂದು ಆಸೆಪಟ್ಟಳು.

"ಒಬ್ಳು ಫ್ರೆಂಡ್ ಇದ್ಲು ಮಿಸ್," ಎಂದಳು ಗುಬ್ಬಿ. "ತುಂಬಾ ಒಳ್ಳೇ ಹುಡುಗಿ."

"ಯಾವ ಕ್ಲಾಸು? ಅವಳನ್ನೂ ಕರಿ."

"ಅವಳು ಈಗ ಇಲ್ಲ ಮಿಸ್," ಎಂದು ಗುಬ್ಬಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಮ್ಮ ಎದ್ದು ಅವಳ ಪಕ್ಕದಲ್ಲಿ ನಿಂತಳು, ಮುಟ್ಟುವ ಧೈರ್ಯ ಸಾಲಲಿಲ್ಲ.