ಅಂಟಕ್ಕನ ಕೈ, ನನ್ನ ಹೆಸರು

ಬೆಳಗಿನ ಐದು ಗಂಟೆ. ಮುದ್ರಣಾಲಯದ ಯಂತ್ರ ಈಗಷ್ಟೇ ನಿಂತಿದೆ. ಪತ್ರಿಕೆಯ ಕಟ್ಟುಗಳನ್ನು ಹೊತ್ತ ಕೊನೆಯ ವ್ಯಾನು ಗೇಟು ದಾಟುತ್ತಿದ್ದಂತೆ ಉದ್ದ ಹಿಡಿಯ ಪೊರಕೆ ಹಿಡಿದು ಒಬ್ಬ ಹೆಂಗಸು ಒಳಗೆ ಬರುತ್ತಾರೆ. ಬಂದವರೇ ಗುಡಿಸಲು ಶುರುಮಾಡುವುದಿಲ್ಲ. ಯಂತ್ರದ ಬುಡದಲ್ಲಿ ಬಿದ್ದ ರದ್ದಿ ಹಾಳೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಾರೆ. ಮಸಿ ಕೈಗೆ ಹತ್ತುವ ಹಾಳೆ ಒಂದು ಕಡೆ, ಹತ್ತದ್ದು ಇನ್ನೊಂದು ಕಡೆ. ಏನೂ ಅಚ್ಚಾಗದ ರೋಲಿನ ತುದಿ ಸಿಕ್ಕರೆ ಅದನ್ನು ಮಡಿಸಿ ಚೀಲದ ತಳಕ್ಕೆ ಇಡುತ್ತಾರೆ.

"ಇದು ನೋಡಿ ಮೇಡಂ, ಒಂದೇ ಮುಖ ಎರಡು ಸಲ ಬಿದ್ದಿದೆ. ಓದೋಕೆ ಬರಲ್ಲ, ಸುತ್ತೋಕೆ ಬಂಗಾರ," ಎಂದು ನನ್ನ ಕಡೆ ಹಾಳೆ ಹಿಡಿದು ನಗುತ್ತಾರೆ.

ಇವರು ನಮ್ಮ ಪತ್ರಿಕೆಯ ಕಚೇರಿ ಗುಡಿಸುವವರು. ಉಗುರಿನ ಸಂದಿಯಲ್ಲಿ ಸದಾ ಮೈದಾ ಗೋಂದು ಒಣಗಿರುವುದರಿಂದ ಎಲ್ಲರಿಗೂ ಅಂಟಕ್ಕ. ವಯಸ್ಸು ಐವತ್ತೆಂಟು. ಇಪ್ಪತ್ತೊಂದು ವರ್ಷದಿಂದ ಇಲ್ಲಿದ್ದಾರೆ. ಯಂತ್ರದ ಹಜಾರ, ಅದರ ಮೇಲೆ ಎರಡು ಮಹಡಿ, ಹದಿಮೂರು ಕೋಣೆ, ಐವತ್ತೆರಡು ಮೆಟ್ಟಿಲು. ಹನ್ನೊಂದು ಗಂಟೆಗೆ ಪೊರಕೆ ಮೂಲೆಗಿಟ್ಟು, ಚೀಲ ಹೆಗಲಿಗೇರಿಸಿ ಮನೆಗೆ ನಡೆಯುತ್ತಾರೆ.

ಇಲ್ಲಿ ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಕೈ ತಡೆಯುತ್ತದೆ. ಏಕೆಂದರೆ ಒಂಬತ್ತು ವರ್ಷ ಎದುರಿಗೆ ಸಿಕ್ಕಾಗಲೆಲ್ಲ ನಾನು ಅವರನ್ನು 'ನೀನು' ಎಂದೇ ಮಾತಾಡಿಸಿದೆ. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು.

ಇದೇ ಪುರವಣಿಯ ಕೊನೆಯ ಪುಟದಲ್ಲಿ 'ನೀವೇ ಮಾಡಿ' ಎಂಬ ಅಂಕಣವನ್ನು ಓದುಗರು ಬಲ್ಲರು. ಹಳೇ ಪತ್ರಿಕೆಯ ಕನ್ನಡಿ ಚೌಕಟ್ಟು, ಶಾಯಿ ಡಬ್ಬದ ಹೂದಾನಿ, ರಟ್ಟಿನ ಕೊಳವೆಯ ಪುಸ್ತಕದ ಗೂಡು. ಬಡವರ ಮನೆಯೂ ಚೆಂದ ಕಾಣಬಹುದೆಂದು ತೋರಿಸಿಕೊಟ್ಟಿರಿ ಎಂದು ನನಗೆ ಪತ್ರಗಳು ಬಂದಿವೆ. ಒಬ್ಬ ತಾಯಿ ತಾನು ಮಾಡಿದ ಹೂದಾನಿಯನ್ನೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಅಂಕಣದ ಮೇಲೆ ನನ್ನ ಹೆಸರು, ನನ್ನ ನಗುಮುಖದ ಚಿತ್ರ. ಅದರಲ್ಲಿ ಬಂದ ವಸ್ತುಗಳಲ್ಲಿ ಒಂದೂ ನಾನು ಮಾಡಿದ್ದಲ್ಲ.

ಶುರುವಾದದ್ದು ಸುಲಭವಾಗಿ. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಸುತ್ತಿದ ಕಾಗದದ ಪೆನ್ನಿನ ಡಬ್ಬಿಯಿತ್ತು. "ನಿಮ್ಮ ಪೆನ್ನೆಲ್ಲ ದಿನಾ ಗುಡಿಸೋವಾಗ ಕೆಳಗೆ ಸಿಗ್ತಿತ್ತು, ಅದಕ್ಕೆ," ಅಂದರು ಅಂಟಕ್ಕ. ಹೇಗೆ ಮಾಡಿದೆ ಎಂದು ಕೇಳಿದೆ. ಹೇಳಿದರು. ಆ ವಾರ ಪುಟದಲ್ಲಿ ಜಾಗ ಖಾಲಿಯಿತ್ತು, ಬರೆದೆ. ಅವರ ಹೆಸರು ಹಾಕಲು ಮರೆತೆ. ಎರಡನೇ ವಾರ ಮರೆಯಲಿಲ್ಲ, ಬೇಕೆಂದೇ ಬಿಟ್ಟೆ. ಇವರಿಗೆ ಹೆಸರು ತಗೊಂಡು ಏನಾಗಬೇಕು ಅಂದುಕೊಂಡೆ. ಹತ್ತನೇ ವಾರದ ಹೊತ್ತಿಗೆ ಹೇಳುವ ದಾರಿಯೇ ಮುಚ್ಚಿಹೋಗಿತ್ತು. ಗುರುವಾರ ಗುರುವಾರ ಅವರು ಒಂದು ವಸ್ತು ತರುವುದು, ನಾನು ನಿಂತುಕೊಂಡೇ ಗುರುತು ಹಾಕಿಕೊಳ್ಳುವುದು, "ಸರಿ, ಹೋಗು" ಅನ್ನುವುದು. ಕೂತುಕೋ ಎಂದು ಒಂದು ದಿನವೂ ಹೇಳಿದ ನೆನಪಿಲ್ಲ.

ಹೋದ ತಿಂಗಳು ನಮ್ಮ ಬೀದಿಯ ಗ್ರಂಥಾಲಯದವರು ನನ್ನನ್ನು ಕರೆದರು. ಓದುಗರ ಎದುರು ಕನ್ನಡಿ ಚೌಕಟ್ಟು ಮಾಡಿ ತೋರಿಸಬೇಕು, ಅಷ್ಟೇ. ಒಂಬತ್ತು ವರ್ಷ ಬರೆದವಳು ಒಂದು ಚೌಕಟ್ಟು ಮಾಡಲಾರೆನೇ ಎಂಬ ಧೈರ್ಯದಿಂದ ಒಪ್ಪಿದೆ. ನಲವತ್ತು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ನನ್ನ ಅಂಕಣದ ತುಣುಕುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಚೌಕಟ್ಟಿಗೆ ಬೇಕಾದ ಕೊಳವೆ ಮಾಡಲು ಹೆಣಿಗೆ ಕಡ್ಡಿಗೆ ಕಾಗದ ಸುತ್ತಿದೆ. ಕಡ್ಡಿ ಎಳೆದ ಕೂಡಲೇ ಸುತ್ತು ಬಿಚ್ಚಿಕೊಂಡಿತು. ಇನ್ನೊಂದು ಸುತ್ತಿದೆ, ಅದೂ ಬಿಚ್ಚಿತು. ಮೂರನೆಯದು ಕಡ್ಡಿಗೇ ಅಂಟಿಕೊಂಡು ಬರಲೇ ಇಲ್ಲ. ಯಾರೋ ಕೆಮ್ಮಿದರು. ಅಜ್ಜಿ ತುಣುಕು ತೆಗೆದು, ನಾನು ಬರೆದದ್ದನ್ನೇ ನನಗೆ ಗಟ್ಟಿಯಾಗಿ ಓದಿ ಹೇಳತೊಡಗಿದರು. ನನ್ನ ಕಿವಿ ಕಾದ ಹೆಂಚಿನಂತಾಯಿತು.

ಆಗ ಕೊನೆಯ ಸಾಲಿನಿಂದ ಅಂಟಕ್ಕ ಎದ್ದು ಬಂದರು. ಅವರು ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ನಿಂತು ನನ್ನ ಕೈಯಿಂದ ಕಡ್ಡಿ ತಗೊಂಡರು. "ಓರೆಯಾಗಿ ಇಡಬೇಕು, ಮೂಲೆಯಿಂದ," ಎಂದು ನನಗಷ್ಟೇ ಕೇಳುವಂತೆ ಹೇಳಿ, ಹತ್ತು ಎಣಿಸುವಷ್ಟರಲ್ಲಿ ಒಂದು ಕೊಳವೆ ಸುತ್ತಿ ಮೇಜಿನ ಮೇಲಿಟ್ಟರು. ಮತ್ತೊಂದು. ಮಗದೊಂದು. ಜನ ಕುರ್ಚಿ ಬಿಟ್ಟೆದ್ದು ಮೇಜಿನ ಸುತ್ತ ಬಂದರು. "ಅಬ್ಬಾ, ನಿಮಗೆ ಯಾರಮ್ಮ ಹೇಳಿಕೊಟ್ಟಿದ್ದು?" ಎಂದು ಅಜ್ಜಿ ಕೇಳಿದರು.

ಅಂಟಕ್ಕ ತಲೆ ಎತ್ತಲಿಲ್ಲ. "ಮೇಡಂ ಅವರೇ," ಅಂದರು. "ಇವತ್ತು ಅವರಿಗೆ ಕೈ ನೋವು."

ಜನ ಚಪ್ಪಾಳೆ ತಟ್ಟಿದರು. ನಾನು ನಕ್ಕು ಕೈ ಮುಗಿದೆ. ಹೌದು, ಅಲ್ಲಿಯೂ ಬಾಯಿ ಬಿಡಲಿಲ್ಲ.

ಆಮೇಲೆ ಎಂಟು ದಿನ ನಾನು ಕಚೇರಿಯ ಹಿಂದಿನ ಮೆಟ್ಟಿಲಿನಿಂದ ಓಡಾಡಿದೆ. ಪೊರಕೆಯ ಸದ್ದು ಕೇಳಿದರೆ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಒಂಬತ್ತನೇ ದಿನ ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋದೆ. ಕಚೇರಿಯಿಂದ ನಡೆದು ಹದಿನೈದು ನಿಮಿಷ.

ಯಾವುದೋ ಕಾರ್ಖಾನೆಯ ಹಿಂಭಾಗಕ್ಕೆ ಅಂಟಿಕೊಂಡ ಒಂದೇ ಕೋಣೆ, ಒಂದೇ ಕಿಟಕಿ. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಎಡಗಡೆಯ ಗೋಡೆ ನೆಲದಿಂದ ಸೂರಿನವರೆಗೆ ಸುತ್ತಿದ ಕಾಗದದ ಬಿಲ್ಲೆಗಳಿಂದ ತುಂಬಿದೆ. ಕೆಲವು ಗುಂಡಿಯಷ್ಟು, ಕೆಲವು ಊಟದ ತಟ್ಟೆಯಷ್ಟು. ಸಂಜೆಯ ಆಕಾಶದ ಚಿತ್ರವಿದ್ದ ಪುಟಗಳನ್ನೇ ಆರಿಸಿ ಮಾಡಿದ ಕೆಂಪು, ನೇರಳೆ, ಬೂದಿ ಬಣ್ಣ. ನನ್ನ ಅಂಕಣದಲ್ಲಿ ಇದು ಯಾವತ್ತೂ ಬಂದಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

"ಇದು ಮಗಳಿಗೋಸ್ಕರ ಮಾಡಿದ್ದು," ಎನ್ನುತ್ತಾರೆ ಅಂಟಕ್ಕ, ಸ್ಟೂಲು ಒರೆಸಿ ನನಗೆ ಕೊಟ್ಟು, ಅಡುಗೆಯ ಮೂಲೆಯಲ್ಲಿದ್ದ ಮಗಳನ್ನು ತೋರಿಸುತ್ತಾ. "ಇವಳು ಎಂಟನೇ ಕ್ಲಾಸಲ್ಲಿದ್ದಾಗ ಇವರಪ್ಪ ಹೋಗಿಬಿಟ್ರು. ಈ ಕೋಣೆಗೆ ಬಂದ್ವಿ. ಗೋಡೆ ತೇವ ಹಿಡಿದು ಗಾರೆ ಉದುರ್ತಿತ್ತು. ಒಂದಿನ ಗೆಳತಿ ಬಂದ್ಲು ಅಂತ ಇವಳು ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ, ಅಮ್ಮ ಮನೇಲಿಲ್ಲ ಅಂದುಬಿಟ್ಲು. ನಾನು ಒಳಗೇ ಇದ್ದೆ. ಬೈಲಿಲ್ಲ. ಗೋಡೆ ನೋಡ್ತಾ ಕೂತೆ. ಮಾರನೇ ದಿನದಿಂದ ಹಾಳೆ ತಂದು ಸುತ್ತೋಕೆ ಶುರು ಮಾಡಿದೆ." ಮೊದಲ ವರ್ಷ ಹುಳ ತಿಂದು ಅರ್ಧ ಗೋಡೆ ಪುಡಿಯಾಯಿತಂತೆ. ಪುಸ್ತಕ ಕಟ್ಟುವವರೊಬ್ಬರನ್ನು ಕೇಳಿ ಗೋಂದಿಗೆ ಚಿಟಿಕೆ ಮೈಲುತುತ್ತ ಬೆರೆಸುವುದನ್ನು ಕಲಿತರು. ತೇವ ತಾಗದಂತೆ ಗೋಡೆಗೆ ರಟ್ಟು ಬಡಿದು ಅದರ ಮೇಲೆ ಬಿಲ್ಲೆ ಅಂಟಿಸಿದರು. ಮುಗಿಸಲು ನಾಲ್ಕು ವರ್ಷ ಹಿಡಿಯಿತು.

ಈಗಲೂ ಮಧ್ಯಾಹ್ನ ಎರಡರಿಂದ ಆರರವರೆಗೆ ನೂರಿಪ್ಪತ್ತು ಕೊಳವೆ ಸುತ್ತುತ್ತಾರೆ. ಒಂದು ಕನ್ನಡಿ ಚೌಕಟ್ಟಿಗೆ ಎರಡು ಮಧ್ಯಾಹ್ನ ಬೇಕು. 'ಅರ್ಧ ಗಂಟೆಯಲ್ಲಿ ಮಾಡಿ' ಎಂದು ನಾನು ಬರೆದಿದ್ದೆ.

ಮಗಳು ಮೂಲೆಯಲ್ಲಿ ಪಾತ್ರೆ ಒರೆಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ದಾದಿಯ ಕೆಲಸ ಆಕೆಗೆ. ಲೋಟ ಕೆಳಗಿಟ್ಟು ನೇರ ಕೇಳಿದಳು: "ಅವತ್ತು ಗ್ರಂಥಾಲಯದಲ್ಲಿ ನಾನೂ ಇದ್ದೆ ಮೇಡಂ. ಅಮ್ಮ ಸುಳ್ಳು ಹೇಳೋವಾಗ ನೀವು ಯಾಕೆ ಸುಮ್ಮನಿದ್ರಿ?"

"ಏಯ್, ಬಿಡೇ. ಮನೆಗೆ ಬಂದೋರನ್ನ ಹಾಗೆಲ್ಲ ಕೇಳಬಾರದು."

"ಕೇಳ್ತೀನಿ ಅಮ್ಮ. ನಾನೂ ಚಿಲಕ ಹಾಕಿದವಳೇ. ಆದ್ರೆ ಆಗ ನಾನು ಹದಿಮೂರು ವರ್ಷದವಳು."

"ಹೆದರಿಕೆ," ಅಂದೆ. "ತಪ್ಪಾಯ್ತು ಅಕ್ಕ, ನಿಮ್ಮದನ್ನ ನನ್ನದು ಅಂತ ಹೇಳ್ಕೊಂಡು ತಿರುಗಿದೆ." ಜೀವನದಲ್ಲಿ ಮೊದಲ ಸಲ ಅವರನ್ನು 'ನೀವು' ಅಂದಿದ್ದೆ. ಅಂಟಕ್ಕನಿಗೆ ಅದರಿಂದ ಸಮಾಧಾನಕ್ಕಿಂತ ಮುಜುಗರವೇ ಹೆಚ್ಚಾಯಿತು. ಗೋಂದಿನ ಬಟ್ಟಲನ್ನು ಸುಮ್ಮನೆ ಕದಡುತ್ತಾ ಕೂತರು. "ನನಗೆ ಗೊತ್ತಿತ್ತಲ್ಲ, ನಂದು ಅಂತ," ಅಂದರು. ಬಟ್ಟಲು ಪಕ್ಕಕ್ಕಿಟ್ಟು, "ಒಂದೊಂದು ಸಲ ಬೇಜಾರಾಗ್ತಿತ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ."

ಮರುದಿನ ಗ್ರಂಥಾಲಯಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಗ್ರಂಥಪಾಲಕರು ನನ್ನನ್ನು ಒಮ್ಮೆ ನೋಡಿ, ಹಾಗಾದರೆ ಅವರನ್ನೇ ಕಳಿಸಿ ಅಂದರು. ಈಗ ಪ್ರತಿ ಶನಿವಾರ ಸಂಜೆ ಅಂಟಕ್ಕ ಅಲ್ಲಿ ಹೇಳಿಕೊಡುತ್ತಾರೆ. "ಮಾತಾಡೋಕೆ ಬರಲ್ಲ ಅಂದೆ. ಕೈ ತೋರಿಸಿದ್ರೆ ಸಾಕು ಅಂದ್ರು. ಸರಿ, ಕೈ ಇದೆಯಲ್ಲ," ಎಂದು ನಗುತ್ತಾರೆ. ಮೊದಲ ವಾರ ಹದಿನಾರು ಜನ, ಮೂರನೇ ವಾರಕ್ಕೆ ಕುರ್ಚಿ ಸಾಲಲಿಲ್ಲ. ನನ್ನ ಅಂಕಣ ನಿಲ್ಲಿಸಿದ್ದೇನೆ. ಗ್ರಂಥಾಲಯದ ಅಜ್ಜಿ ರಸ್ತೆಯಲ್ಲಿ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಾರೆ. ಅದು ನ್ಯಾಯವೇ.

ಈ ಲೇಖನದಲ್ಲಿ ನಿಮ್ಮ ಪೂರ್ತಿ ಹೆಸರು ಹಾಕುತ್ತೇನೆ ಎಂದಾಗ ಅಂಟಕ್ಕ ಬೇಡವೆಂದು ತಲೆ ಆಡಿಸಿಬಿಟ್ಟರು. "ಅಂಟಕ್ಕ ಅಂತಲೇ ಹಾಕಿ. ಪೂರ್ತಿ ಹೆಸರು ಹಾಕಿದ್ರೆ ನಮ್ಮಕ್ಕನಿಗೂ ಗೊತ್ತಾಗಲ್ಲ ಯಾರು ಅಂತ."

ಹಾಗಾದರೆ ಇನ್ನೇನು ಬರೆಯಲಿ, ಏನಾದರೂ ಆಸೆ ಇದೆಯಾ ಎಂದು ಕೇಳಿದೆ. ನನಗೆ ನೋವಾದೀತು ಎಂಬಂತೆ ಮೆಲ್ಲಗೆ ಹೇಳಿದರು:

"ಒಂದು ತಪ್ಪು ತಿದ್ದಬೇಕಿತ್ತು ಮೇಡಂ. ಕಾಗದದ ಲ್ಯಾಂಪ್‌ಶೇಡ್ ಬಂದಿತ್ತಲ್ಲ, ಆರು ವರ್ಷದ ಹಿಂದೆ? ನಾನು ನೆರಳಲ್ಲಿ ಒಣಗಿಸಿ ಅಂದಿದ್ದೆ. ನೀವು ಬಿಸಿಲಲ್ಲಿ ಅಂತ ಬರೆದ್ರಿ. ಬಿಸಿಲಲ್ಲಿಟ್ರೆ ಸೊಟ್ಟಗಾಗುತ್ತೆ. ಪಾಪ, ಎಷ್ಟು ಜನ ಕಷ್ಟಪಟ್ಟು ಮಾಡಿ, ನಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಎಸೆದ್ರೋ ಏನೋ. ಅವರ ಕೈಯಲ್ಲೇನೂ ತಪ್ಪಿಲ್ಲ ಅಂತ ಬರೀರಿ."